ಕೊಟ್ಟಿಗೆಯಲ್ಲಿ ನಿಂತ ವಿಲ್ಲಿಸ್ ಜೀಪಿಗೆ ಸಾಮಾನು ಎಲ್ಲಿ ಸಿಗತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಹಳೇ ಜೀಪಿನ ವಿಷಯ ಮಾತಾಡೋಣ.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ರಸ್ತೆಯಲ್ಲಿ ಕುಪ್ಪಳ್ಳಿ ಸಿಗತ್ತೆ. ಕುವೆಂಪು ಮನೆ ನೋಡೋಕೆ ಬಂದವರು ಕವಿಶೈಲ ಹತ್ತಿ, ಫೋಟೊ ತೆಗೆದುಕೊಂಡು ವಾಪಸ್ ಹೋಗ್ತಾರೆ. ಆದರೆ ಈ ಸೀಮೆಯ ತೋಟದ ಮನೆಗಳ ಹಿಂದಕ್ಕೆ ಹೋದರೆ ಕೆಲವು ಕಡೆ ಇನ್ನೊಂದು ಹಳೇ ವಸ್ತು ಕಾಣಸಿಗತ್ತೆ. ಅಡಿಕೆ ಹಾಳೆ, ಗೋಣಿಚೀಲ, ಹಳೇ ಪಂಪ್‌ಸೆಟ್ಟಿನ ನಡುವೆ ಟೈರಿನ ಗಾಳಿ ಇಳಿದು ನಿಂತ ಒಂದು ಜೀಪು. ಅಜ್ಜನ ಕಾಲದಲ್ಲಿ ಅಡಿಕೆ ಮಂಡಿಗೆ ಹೋಗಿದ್ದು, ಬಾಣಂತಿಯನ್ನು ಆಸ್ಪತ್ರೆಗೆ ಒಯ್ದಿದ್ದು, ದಿಬ್ಬಣ ಹೊತ್ತಿದ್ದು ಎಲ್ಲಾ ಅದೇ. ಈಗ ಯಾಕೆ ನಿಂತಿದೆ ಅಂತ ಕೇಳಿದರೆ ಉತ್ತರ ಒಂದೇ: "ಅದ್ರ ಸಾಮಾನು ಈಗ ಬರಲ್ಲ ಮಾರಾಯ್ರೆ."

ಹೀಗೆ ನಾಲ್ಕು ಮಳೆಗಾಲ ನಿಂತರೆ ಬ್ರೇಕ್ ಡ್ರಮ್ ಹಿಡಿದುಕೊಳ್ಳತ್ತೆ, ಎಂಜಿನ್ ಜಾಮ್ ಆಗತ್ತೆ, ತಳದ ತಗಡು ಉದುರತ್ತೆ. ಐದನೇ ವರ್ಷ ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋಗ್ತಾನೆ. ಎಷ್ಟೋ ಸಲ ಜೀಪು ನಿಂತಿದ್ದು ಒಂದು ಬೇರಿಂಗ್‌ಗಾಗಿ, ಒಂದು ಆಯಿಲ್ ಸೀಲ್‌ಗಾಗಿ. ಆ ಬೇರಿಂಗ್ ಶಿವಮೊಗ್ಗದ ಅಂಗಡಿಯ ಕಪಾಟಿನಲ್ಲೇ ಇದ್ದಿರಬಹುದು. ಅಂದರೆ ಸಾಮಾನು ಇಲ್ಲ ಅನ್ನೋದು ಅರ್ಧ ಸತ್ಯ. ಕೇಳುವ ರೀತಿ ತಪ್ಪಿದೆ ಅನ್ನೋದು ಉಳಿದರ್ಧ.

ಮೊದಲು, ಇದು ಯಾವ ಜೀಪು?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ನಕ್ಷೆಯ ಜೀಪನ್ನು ತಯಾರಿಸಿದವು. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ವಿಲ್ಲಿಸ್‌ನದು ಎಂ.ಬಿ., ಫೋರ್ಡ್‌ನದು ಜಿ.ಪಿ.ಡಬ್ಲ್ಯು. ಒಂದರ ಸಾಮಾನು ಇನ್ನೊಂದಕ್ಕೆ ಕೂರಬೇಕು ಅನ್ನೋದೇ ಸೇನೆಯ ಷರತ್ತು. ಫೋರ್ಡ್‌ನವರು ಮಾತ್ರ ತಮ್ಮ ಬೋಲ್ಟು, ಬಿಡಿಭಾಗಗಳ ಮೇಲೆ 'ಎಫ್' ಅಕ್ಷರ ಒತ್ತಿದರು. ನಿಮ್ಮ ಜೀಪಿನ ಬೋಲ್ಟಿನ ತಲೆ ಒರೆಸಿ ನೋಡಿ. ಎಫ್ ಕಂಡರೆ ಆ ಬೋಲ್ಟಾದರೂ ಫೋರ್ಡ್‌ನದು. ಇಡೀ ಜೀಪು ಫೋರ್ಡ್‌ನದು ಅಂತ ಅದರಿಂದ ಹೇಳೋಕಾಗಲ್ಲ.

ಯುದ್ಧ ಮುಗಿದ ಮೇಲೆ ವಿಲ್ಲಿಸ್ ಅದೇ ಜೀಪನ್ನು ರೈತರಿಗೆ, ಜನಸಾಮಾನ್ಯರಿಗೆ ಮಾರಲು ಶುರುಮಾಡಿತು. ಅವು ಸಿ.ಜೆ. ಸರಣಿ. 1947ರಲ್ಲಿ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿತು. ಮುಂಬೈನ ಮಜಗಾಂವ್‌ನಲ್ಲಿ ಜೋಡಿಸಿ ಮಾರಿತು. ಆಮೇಲೆ ನಿಧಾನಕ್ಕೆ ಇಲ್ಲೇ ತಯಾರಿಸೋಕೆ ಹೊರಟಿತು. ನಮ್ಮೂರ ಕೊಟ್ಟಿಗೆಯ ಜೀಪಿನ ವಂಶಾವಳಿ ಇಷ್ಟು. ಹಡಗಿನಲ್ಲಿ ಬಂದಿದ್ದು ಯಾವುದು, ಮುಂಬೈನಲ್ಲಿ ಹುಟ್ಟಿದ್ದು ಯಾವುದು ಅಂತ ಮನೆಯವರಿಗೂ ಗೊತ್ತಿರಲ್ಲ.

ಗುರುತು ಹಿಡಿಯೋದು ಕಷ್ಟ ಏನಲ್ಲ. ಮುಂದಿನ ಜಾಲರಿಯ ಸೀಳು ಎಣಿಸಿ. ಒಂಬತ್ತಿದ್ದರೆ ಯುದ್ಧಕಾಲದ್ದು, ಏಳಿದ್ದರೆ ಸಿ.ಜೆ. ಹಿಂದೆ ಬಾಗಿಲಿನ ಹಾಗೆ ಇಳಿಸುವ ಹಲಗೆ ಇದ್ದರೂ ಸಿ.ಜೆ. ಬಾನೆಟ್ಟು ಎತ್ತರಕ್ಕಿದ್ದು, ಜಾಲರಿಯ ಮೇಲೆ ಹಣೆಯ ಹಾಗೆ ಅಗಲ ತಗಡು ಕಂಡರೆ ಅದು ಸಿ.ಜೆ. 3ಬಿ. ಹಳೇ ಎಂಜಿನ್‌ನಲ್ಲಿ ಎರಡೂ ಬಗೆಯ ವಾಲ್ವು ಬ್ಲಾಕಿನ ಪಕ್ಕದಲ್ಲಿದ್ದವು. ಹೊಸದರಲ್ಲಿ ಒಂದು ಸಾಲು ವಾಲ್ವು ಮೇಲಿನ ಹೆಡ್ಡಿಗೆ ಹೋಯಿತು, ಎಂಜಿನ್ ಎತ್ತರವಾಯಿತು. ಅದಕ್ಕೇ ಬಾನೆಟ್ಟೂ ಎತ್ತರ.

ಇಷ್ಟಾದರೂ ಜಾಲರಿ ನೋಡಿ ಪೂರ್ತಿ ನಂಬಬೇಡಿ. ಎಪ್ಪತ್ತು ವರ್ಷದಲ್ಲಿ ಬಾಡಿ ಒಂದರದು, ಗೇರ್‌ಬಾಕ್ಸ್ ಇನ್ನೊಂದರದು, ಎಂಜಿನ್ ಮತ್ತೊಂದರದು ಆಗಿರತ್ತೆ. ಪೆಟ್ರೋಲ್ ಎಂಜಿನ್ ತೆಗೆದು ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನೋ, ಆಮೇಲೆ ಬಂದ ಪ್ಯೂಜೊ ಎಂಜಿನ್ನೋ ಕೂರಿಸಿದ್ದು ಮಲೆನಾಡಲ್ಲಿ ಮಾಮೂಲು. ಅದಕ್ಕೇ ಜೀಪಿಗೊಂದು ಹೆಸರಿಟ್ಟು ಸಾಮಾನು ಹುಡುಕಬೇಡಿ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ — ಒಂದೊಂದಕ್ಕೂ ಬೇರೆ ಬೇರೆ ಗುರುತು ಬರೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ಹೇಗೆ ಕೇಳಬೇಕು?

ಒಂದು ಉದಾಹರಣೆ ನೋಡೋಣ. ಅಂಗಡಿಗೆ ಹೋಗಿ ಹೀಗೆ ಕೇಳ್ತೀರಿ:

"ವಿಲ್ಲಿಸ್ ಜೀಪಿನ ಮುಂದಿನ ವೀಲ್ ಬೇರಿಂಗ್ ಇದ್ಯಾ?"

"ವಿಲ್ಲಿಸ್ಸಾ? ಅದೆಲ್ಲ ಯಾವ ಕಾಲದ್ದು ಗೌಡ್ರೆ! ಈಗ ಬರಲ್ಲ."

ಅದೇ ಮಾತನ್ನು ಇನ್ನೊಂದು ರೀತಿ ಕೇಳಿ:

"18590, ಅದರ ಕಪ್ಪು 18520. ಇದ್ಯಾ ನೋಡಿ."

"ಎಷ್ಟು ಸೆಟ್ ಬೇಕು?"

ಇಷ್ಟೇ ವ್ಯತ್ಯಾಸ. ವಿಲ್ಲಿಸ್ ಜೀಪಿನ ಚಕ್ರದಲ್ಲಿ ಇರೋದು ಟಿಮ್ಕೆನ್ ಕಂಪನಿಯ ಈ ನಂಬರಿನ ಟೇಪರ್ ರೋಲರ್ ಬೇರಿಂಗ್. ಒಳವ್ಯಾಸ 41.275 ಮಿ.ಮೀ., ಹೊರವ್ಯಾಸ 73.025 ಮಿ.ಮೀ. ಜೀಪಿನ ಕಾರ್ಖಾನೆಯಲ್ಲಿ ಬೇರಿಂಗ್ ಹುಟ್ಟಲಿಲ್ಲ. ಬೇರಿಂಗ್ ಕಂಪನಿ ಜಗತ್ತಿನ ಹತ್ತಾರು ಯಂತ್ರಗಳಿಗೆ ಒಂದೇ ಅಳತೆಯಲ್ಲಿ ಮಾಡಿದ್ದನ್ನು ಜೀಪಿನವರೂ ಕೊಂಡರು. ಜೀಪು ನಿಂತುಹೋಯಿತು, ಬೇರಿಂಗ್ ನಿಲ್ಲಲಿಲ್ಲ. ಇವತ್ತಿಗೂ ಬೇರೆ ಬೇರೆ ಕಂಪನಿಗಳು ಅದೇ ನಂಬರಿನಲ್ಲಿ ಮಾಡ್ತಾವೆ.

ಆಯಿಲ್ ಸೀಲ್ ಕೂಡ ಹಾಗೇ. ನಂಬರು ಅಳಿಸಿದ್ದರೆ ಮೂರು ಅಳತೆ ಸಾಕು: ಒಳವ್ಯಾಸ, ಹೊರವ್ಯಾಸ, ದಪ್ಪ. ಶಾಫ್ಟನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಸವೆದ ಸೀಲನ್ನು ಅಳೆಯಬೇಡಿ, ಅದು ಸುಳ್ಳು ಹೇಳತ್ತೆ. ಬ್ರೇಕ್ ಸಿಲಿಂಡರಿನ ರಬ್ಬರ್ ಬಟ್ಟಲು ಬೋರಿನ ಅಳತೆಗೆ ಬರತ್ತೆ. ಮಾಸ್ಟರ್ ಸಿಲಿಂಡರ್ ಒಂದು ಇಂಚು, ಮುಂದಿನ ಚಕ್ರದ್ದು ಒಂದು ಇಂಚು, ಹಿಂದಿನದು ಮುಕ್ಕಾಲು ಇಂಚು. 6.00-16 ಟೈರು ಈಗಲೂ ಸಿಗತ್ತೆ.

ಒಂದು ಎಚ್ಚರಿಕೆ. ವಿಲ್ಲಿಸ್ ಜೀಪಿನ ಬೋಲ್ಟು, ನಟ್ಟು ಎಲ್ಲಾ ಇಂಚಿನ ಲೆಕ್ಕದವು. ಪ್ಯೂಜೊ ಎಂಜಿನ್ ಕೂತಿದ್ದರೆ ಅದರವು ಮಿಲಿಮೀಟರ್ ಲೆಕ್ಕದವು. ಕೈಗೆ ಸಿಕ್ಕಿದ ನಟ್ಟನ್ನು ಬಿಗಿದರೆ ಎರಡು ಸುತ್ತು ಹೋಗತ್ತೆ, ಮೂರನೇ ಸುತ್ತಿಗೆ ತ್ರೆಡ್ ಹಾಳಾಗತ್ತೆ.

ಮಹೀಂದ್ರಾ ಸಾಮಾನು ಎಲ್ಲಿ ಕೂರತ್ತೆ, ಎಲ್ಲಿ ಕೂರಲ್ಲ?

"ಮಹೀಂದ್ರಾದ್ದೇ ಹಾಕಿ, ಎಲ್ಲಾ ಒಂದೇ" ಅನ್ನೋ ಮಾತು ಗ್ಯಾರೇಜುಗಳಲ್ಲಿ ಕೇಳ್ತೀವಿ. ಬಹುಪಾಲು ನಿಜ. ವಿಲ್ಲಿಸ್‌ನ ವಿನ್ಯಾಸವನ್ನೇ ಮಹೀಂದ್ರಾ ದಶಕಗಟ್ಟಲೆ ಮುಂದುವರಿಸಿತು. ಭಾರತದಲ್ಲಿ ಈ ಜೀಪು ಇನ್ನೂ ಓಡ್ತಿರೋದೇ ಅದರಿಂದ. ಆದರೆ "ಎಲ್ಲಾ ಒಂದೇ" ಅಲ್ಲ. ಎರಡು ಉದಾಹರಣೆ ಕೊಡ್ತೀನಿ.

ಒಂದು, ಟ್ರಾನ್ಸ್‌ಫರ್ ಕೇಸ್. ಅಂದರೆ ಗೇರ್‌ಬಾಕ್ಸಿನ ಹಿಂದೆ ಕೂತು ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವ ಪೆಟ್ಟಿಗೆ. ಅದರೊಳಗಿನ ನಡುವಿನ ಶಾಫ್ಟು ಬೇಗ ಸವೆಯುತ್ತೆ. ಇದು ಮೂರು ಅಳತೆಯಲ್ಲಿ ಬಂದಿದೆ: ಯುದ್ಧಕಾಲದ್ದು ¾ ಇಂಚು, ಆಮೇಲಿನದು 1⅛ ಇಂಚು, ಇನ್ನೂ ಆಮೇಲಿನದು 1¼ ಇಂಚು. ಹೊರಗಿಂದ ನೋಡಿದರೆ ಪೆಟ್ಟಿಗೆ ಹೆಚ್ಚುಕಡಿಮೆ ಒಂದೇ ಥರ. ಬಿಚ್ಚಿ ಅಳೆಯದೆ ತಂದರೆ ಬಸ್ ಚಾರ್ಜು ದಂಡ.

ಎರಡು, ಸ್ಟಾರ್ಟರ್. ಹಳೇ ಜೀಪುಗಳು 6 ವೋಲ್ಟಿನವು. ಫ್ಲೈವೀಲ್ ರಿಂಗಿನ ಹಲ್ಲು ಯುದ್ಧಕಾಲದ್ದರಲ್ಲಿ 97, ಆಮೇಲಿನ 6 ವೋಲ್ಟಿನದರಲ್ಲಿ 124, 12 ವೋಲ್ಟಿನದರಲ್ಲಿ 129. ರಿಂಗಿಗೆ ಹೊಂದದ ಸ್ಟಾರ್ಟರ್ ಹಾಕಿದರೆ ಕರಕರ ಸದ್ದು ಬರತ್ತೆ, ಹಲ್ಲು ಮುರಿಯತ್ತೆ. ಸ್ಟಾರ್ಟರ್ ತರೋ ಮೊದಲು ಹಲ್ಲು ಎಣಿಸಿ.

ಎಲ್ಲಿ ಹುಡುಕೋದು?

ಹತ್ತಿರದಿಂದ ಶುರುಮಾಡಿ. ಬೇರಿಂಗ್, ಸೀಲ್, ಬ್ರೇಕ್ ರಬ್ಬರ್‌ಗೆ ಶಿವಮೊಗ್ಗ ದಾಟಬೇಕಾಗಿಲ್ಲ. ಗೇರು, ಶಾಫ್ಟು, ಕಿಂಗ್ ಪಿನ್, ಸ್ಟೀರಿಂಗ್ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ. ಅಲ್ಲಿ ಹೊಸ ಅಂಗಡಿಗಿಂತ ಹಳೇ ಅಂಗಡಿ ಹುಡುಕಿ. ಮೂವತ್ತು ವರ್ಷ ಮಾರಾಟವಾಗದೆ ಗ್ರೀಸ್ ಕಾಗದದಲ್ಲೇ ಉಳಿದ ಸಾಮಾನು ಇರೋದು ಅಟ್ಟದ ಮೇಲೆ. ಹಳೇ ಸಾಮಾನಿಗೆ ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ. ಬಾಡಿ, ಚಾಸಿಗೆ ಪಂಜಾಬ್ ಗಡಿಯ ಹರಿಯಾಣದ ಮಂಡಿ ಡಬ್ವಾಲಿ ಹೆಸರಾಂತ ಊರು. ಹಳೇ ಜೀಪು ಬಿಚ್ಚಿ ಹೊಸದಾಗಿ ಕಟ್ಟೋದೇ ಅಲ್ಲೊಂದು ಉದ್ಯೋಗ. ಆದರೆ ಅಲ್ಲಿಂದ ಚಾಸಿ ತರೋ ಮೊದಲು ಅದರ ಕಾಗದಪತ್ರ ಕೇಳಿ. ನಂಬರ್ ಹೊಂದದ ಚಾಸಿ ಕೊಂಡರೆ ಜೀಪೂ ಇಲ್ಲ, ದುಡ್ಡೂ ಇಲ್ಲ.

ಇಲ್ಲೆಲ್ಲೂ ಸಿಗದಿದ್ದರೆ ಅಮೆರಿಕ. ಅಲ್ಲಿ ವಿಲ್ಲಿಸ್ ಜೀಪಿಗೆ ಹೊಸದಾಗಿ ಬಿಡಿಭಾಗ ಮಾಡಿ ಮಾರೋರು ಈಗಲೂ ಇದ್ದಾರೆ. ಸಾಮಾನಿನ ಬೆಲೆ ಜೊತೆಗೆ ಸಾಗಣೆ, ಕಸ್ಟಮ್ಸ್ ಸುಂಕ ಸೇರತ್ತೆ. ಸಣ್ಣ, ಹಗುರ ಸಾಮಾನಿಗೆ ಸರಿ. ಕಬ್ಬಿಣದ ಹೌಸಿಂಗ್ ತರಿಸಿದರೆ ತೂಕವೇ ತಿಂದುಹಾಕತ್ತೆ.

ಲೇತಿನಲ್ಲಿ ಏನು ಮಾಡಿಸಬಹುದು?

ಮಲೆನಾಡಿನ ಜೀಪುಗಳು ಇಷ್ಟು ಕಾಲ ಉಳಿದಿದ್ದರಲ್ಲಿ ಲೇತಿನವರ ಪಾಲು ದೊಡ್ಡದು. ಬುಷ್, ಪಿನ್, ಸ್ಪೇಸರ್, ಶ್ಯಾಕಲ್ ಬುಷ್ ಇವೆಲ್ಲ ಲೇತಿನಲ್ಲಿ ಆಗತ್ತೆ. ಎಂಜಿನ್ ಬೋರು 3⅛ ಇಂಚು. ಸವೆದರೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಮಿತಿ ಮೀರಿದರೆ ಸ್ಲೀವ್ ಹೊಡೆಸಬಹುದು. ಬ್ರೇಕ್ ಸಿಲಿಂಡರಿನ ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ, ಒಳಗೆ ಸ್ಲೀವ್ ಹಾಕಿಸಿ ಮೂಲ ಅಳತೆಗೇ ತರಬಹುದು.

ಮಾಡಿಸಬಾರದ್ದೂ ಇದೆ. ಸ್ಟೀರಿಂಗ್ ಆರ್ಮು, ಟೈ ರಾಡಿನ ತುದಿ, ಚಕ್ರ ಕೂರುವ ಸ್ಪಿಂಡಲ್ಲು — ಇವು ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ. ಗದ್ದೆಯ ಏರಿ ಮೇಲೆ ಮುರಿದರೆ ಜೀಪು ಗದ್ದೆಗೆ ಇಳಿಯತ್ತೆ. ಆಗುಂಬೆ ಘಾಟಿಯಲ್ಲಿ ಮುರಿದರೆ ಇಳಿಯೋ ಜಾಗ ಬೇರೆ. ಇಂಥ ಸಾಮಾನು ಸಿಗೋ ತನಕ ಜೀಪು ನಿಂತಿರಲಿ, ಪರವಾಗಿಲ್ಲ. ಹಾಗೇ ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು. ಡ್ರಮ್ ತೆಗೆದಾಗ ಗಾಳಿ ಹೊಡೆದು ಧೂಳೆಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಂಜಿನ್ ಬದಲಿಸೋ ಮುನ್ನ

ಸಾಮಾನು ಹುಡುಕಿ ಬೇಸತ್ತವರಿಗೆ ಬರುವ ಸಲಹೆ: "ಎಂಜಿನ್ನೇ ಬದಲಾಯಿಸಿಬಿಡಿ." ತೋಟದ ಕೆಲಸಕ್ಕೆ ಜೀಪು ಬೇಕಾದವರಿಗೆ ಅದು ತಪ್ಪೂ ಅಲ್ಲ. ಆದರೆ ಎರಡು ವಿಷಯ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್.ಸಿ.ಯಲ್ಲಿ ನಮೂದಾಗಬೇಕು.

ಎರಡನೆಯದು, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಅಕ್ಷರಗಳ ನಂಬರು ಸಿಗತ್ತೆ. ಶುಲ್ಕ 20,000 ರೂಪಾಯಿ, 10 ವರ್ಷದ ಮಾನ್ಯತೆ, ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸೋ ಹಾಗಿಲ್ಲ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿದ್ದರೆ ಈ ಮಾನ್ಯತೆ ಇಲ್ಲ. ಅಂದರೆ ಅಜ್ಜನ ಜೀಪು ನೆನಪಿಗೆ ಬೇಕೋ, ಕೆಲಸಕ್ಕೆ ಬೇಕೋ ಅಂತ ಮೊದಲೇ ತೀರ್ಮಾನಿಸಿ. ಏನೇ ಮಾಡಿದರೂ ಬಿಚ್ಚಿದ ಹಳೇ ಎಂಜಿನ್ನನ್ನು ಗುಜರಿಗೆ ಹಾಕಬೇಡಿ.

ಕೊನೆಯ ಮಾತೂ ಅದೇ. ಸವೆದು ಹೋದ ಸಾಮಾನನ್ನು ಎಸೆಯಬೇಡಿ. ಮುರಿದ ಗೇರಿನಲ್ಲೂ ಹಲ್ಲಿನ ಲೆಕ್ಕ ಇರತ್ತೆ, ಒಡೆದ ಬೇರಿಂಗ್‌ನ ಅಂಚಿನಲ್ಲೂ ನಂಬರು ಇರತ್ತೆ. ಹಳೇದು ಕೈಯಲ್ಲಿದ್ದರೆ ಲೇತಿನವನಿಗೆ ಅದೇ ಮಾದರಿ, ಅಂಗಡಿಯವನಿಗೆ ಅದೇ ಚೀಟಿ. ಒಂದು ಡಬ್ಬದಲ್ಲಿ ಎಣ್ಣೆ ಸವರಿ, ಯಾವ ಜಾಗದ್ದು ಅಂತ ಬರೆದ ಚೀಟಿ ಕಟ್ಟಿ ಇಟ್ಟುಬಿಡಿ. ಈ ಕೆಲಸಕ್ಕೆ ದುಡ್ಡು ಬೇಡ, ಒಂದು ಮಧ್ಯಾಹ್ನ ಸಾಕು. ಮಳೆ ಹಿಡಿಯೋಕೆ ಮುಂಚೆ ಮಾಡಿ.