ಗಂಟೆಯ ನಾದದ ಜಾಡು: ಆರ್ವೊ ಪ್ಯಾರ್ಟ್

ಎಸ್ಟೋನಿಯಾದ ರಕ್ವೆರೆ ಪಟ್ಟಣದ ಚೌಕದಲ್ಲಿ, ಸೈಕಲ್ಲಿನ ಜೊತೆ ಸಂಗೀತ ಆಲಿಸುವ ಹುಡುಗನ ಪ್ರತಿಮೆಯೊಂದಿದೆ. ಆ ಚೌಕದ ಧ್ವನಿವರ್ಧಕದಲ್ಲಿ ರೇಡಿಯೊ ಸಂಗೀತ ಬರುತ್ತಿದ್ದಾಗ ಕೇಳಲೆಂದೇ ಸೈಕಲ್ಲಿನಲ್ಲಿ ಸುತ್ತು ಹಾಕುತ್ತಿದ್ದ ಬಾಲಕನ ನೆನಪಿಗಾಗಿ ಅದನ್ನು ನಿಲ್ಲಿಸಿದ್ದಾರೆ. ಆ ಬಾಲಕನೇ ಆರ್ವೊ ಪ್ಯಾರ್ಟ್. 1935ರ ಸೆಪ್ಟೆಂಬರ್ 11ರಂದು ಪೈಡೆ ಎಂಬ ಊರಿನಲ್ಲಿ ಹುಟ್ಟಿದ ಅವರು ಬೆಳೆದದ್ದು ರಕ್ವೆರೆಯಲ್ಲಿ. ಮನೆಯಲ್ಲಿದ್ದ ಹಳೆಯ ಪಿಯಾನೊದ ನಡುಭಾಗ ಕೆಟ್ಟಿತ್ತು. ಹಾಗಾಗಿ ಹುಡುಗ ಎರಡು ತುದಿಗಳ ಮಂದ್ರ, ತಾರ ಸ್ವರಗಳಲ್ಲೇ ಹೆಚ್ಚಾಗಿ ಆಡಿಕೊಂಡಿದ್ದ.

ಮಾತು ನಿಂತ ವರ್ಷಗಳು

ಆಗ ಎಸ್ಟೋನಿಯಾ ಸೋವಿಯತ್ ಆಡಳಿತದ ಕೆಳಗಿತ್ತು. ಪ್ಯಾರ್ಟ್ ಟಾಲಿನ್‌ನ ಸಂಗೀತ ವಿದ್ಯಾಲಯದಲ್ಲಿ ಹೈನೊ ಎಲ್ಲರ್ ಅವರಲ್ಲಿ ಕಲಿತರು. ಜೊತೆಗೆ ಎಸ್ಟೋನಿಯಾ ರೇಡಿಯೊದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿದರು. 1960ರಲ್ಲಿ ಬರೆದ ‘ನೆಕ್ರೊಲಾಗ್’ ಕೃತಿಯಲ್ಲಿ ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಪದ್ಧತಿಯನ್ನು ಬಳಸಿದರು. ಅವರ ನಾಡಿನಲ್ಲಿ ಅಂಥ ಪ್ರಯೋಗ ಅದೇ ಮೊದಲು. ಪಶ್ಚಿಮದ ಗಾಳಿ ಸೋಕಿದೆ ಎಂದು ಅಧಿಕಾರಿಗಳು ಸಿಡುಕಿದರು. 1968ರ ‘ಕ್ರೆಡೊ’ ಕೃತಿಯಂತೂ ಯೇಸುವಿನಲ್ಲಿ ನಂಬಿಕೆಯನ್ನು ಬಹಿರಂಗವಾಗಿ ಸಾರಿತು. ದೇವರ ಹೆಸರೆತ್ತುವುದೇ ತಪ್ಪಾಗಿದ್ದ ಕಾಲವದು. ಆ ಕೃತಿ ವೇದಿಕೆಯಿಂದ ಮರೆಯಾಯಿತು.

ಹೊರಗಿನ ಒತ್ತಡಕ್ಕಿಂತಲೂ ಒಳಗಿನ ಬಿಕ್ಕಟ್ಟು ದೊಡ್ಡದಾಗಿತ್ತು. ಕಲಿತ ತಂತ್ರಗಳೆಲ್ಲ ಕೈಯಲ್ಲಿದ್ದರೂ ತನ್ನದೆನ್ನುವ ದನಿ ಇರಲಿಲ್ಲ. ಮುಂದಿನ ಸುಮಾರು ಎಂಟು ವರ್ಷ, ಮೂರನೆಯ ಸಿಂಫೊನಿ ಮತ್ತು ಹೊಟ್ಟೆಪಾಡಿನ ಚಲನಚಿತ್ರ ಸಂಗೀತದಂಥ ಕೆಲವನ್ನು ಬಿಟ್ಟರೆ, ಅವರಿಂದ ಹೆಚ್ಚೇನೂ ಹೊರಬರಲಿಲ್ಲ. ಆದರೆ ಅವರು ಕೈಕಟ್ಟಿ ಕೂತಿರಲಿಲ್ಲ. ಮಧ್ಯಯುಗದ ಗ್ರೆಗೋರಿಯನ್ ಪಠಣವನ್ನು ಅಭ್ಯಾಸ ಮಾಡಿದರು. ಬೈಬಲ್ಲಿನ ಕೀರ್ತನೆ ಓದಿ, ಪುಸ್ತಕ ಮುಚ್ಚಿ, ಮನಸ್ಸಿನಲ್ಲಿ ಉಳಿದ ಭಾವಕ್ಕೆ ಒಂದೇ ಎಳೆಯ ರಾಗ ಬರೆಯುವುದು. ಹೀಗೆ ಪುಸ್ತಕದ ಮೇಲೆ ಪುಸ್ತಕ ತುಂಬಿಸಿದರು. ಹೆಸರಾಂತ ಸಂಯೋಜಕನೊಬ್ಬ ಮತ್ತೆ ಅ ಆ ಇ ಈ ತಿದ್ದಲು ಕುಳಿತಂತಿತ್ತು ಅದು.

ಎರಡು ದನಿ, ಒಂದು ನಡಿಗೆ

1976ರಲ್ಲಿ ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೊ ಕೃತಿ ಹುಟ್ಟಿತು. ಅಲ್ಲಿಂದ ಬೆಳೆದ ತಮ್ಮ ಪದ್ಧತಿಯನ್ನು ಪ್ಯಾರ್ಟ್ ‘ಟಿಂಟಿನ್ನಾಬುಲಿ’ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಪುಟ್ಟ ಗಂಟೆಗೆ ಇರುವ ಪದದಿಂದ ಬಂದ ಹೆಸರಿದು.

ಇದರ ನಿಯಮ ಎಷ್ಟು ಸರಳವೆಂದರೆ ಹಾರ್ಮೋನಿಯಂ ಇದ್ದವರು ಈಗಲೇ ನುಡಿಸಿ ನೋಡಬಹುದು. ಒಂದು ದನಿ ಮೆಟ್ಟಿಲು ಹತ್ತಿ ಇಳಿದಂತೆ ಪಕ್ಕದ ಸ್ವರದಿಂದ ಪಕ್ಕದ ಸ್ವರಕ್ಕೆ ನಡೆಯುತ್ತದೆ. ಇನ್ನೊಂದಕ್ಕೆ ಇರುವುದು ಮೂರೇ ಸ್ವರ: ಸ, ಗ, ಪ. ಮೊದಲನೆಯದು ಎಲ್ಲಿಗೆ ಹೋದರೂ ಎರಡನೆಯದು ಅದಕ್ಕೆ ಹತ್ತಿರವಿರುವ ತನ್ನ ಬೇರೊಂದು ಸ್ವರವನ್ನು ಹಿಡಿದು ಜೊತೆಗೂಡುತ್ತದೆ. ಮೇಲೆ ಮ ಬಂದರೆ ಕೆಳಗೆ ಗ. ಮೇಲೆ ಗ ಬಂದರೆ ಕೆಳಗೆ ಸ. ಮ-ಗ ಒಟ್ಟಿಗೆ ನುಡಿದಾಗ ಸಣ್ಣಗೆ ತಿಕ್ಕಾಟ. ಗ-ಸ ಕೂಡಿದಾಗ ಅದು ಕರಗಿ ನೆಮ್ಮದಿ. ಅಲೆದಾಡುವ ದನಿಯನ್ನು ಪ್ಯಾರ್ಟ್ ಮನುಷ್ಯನ ತಪ್ಪುಗಳಿಗೆ, ಜೊತೆಗಿರುವ ದನಿಯನ್ನು ಕ್ಷಮೆಗೆ ಹೋಲಿಸಿದ್ದಾರೆ. ಒಂದಕ್ಕೆ ಒಂದು ಕೂಡಿದರೆ ಇಲ್ಲಿ ಒಂದೇ ಎಂಬುದು ಅವರ ಪತ್ನಿ ನೋರಾ ಕೊಟ್ಟ ಲೆಕ್ಕ.

‘ಫ್ಯೂರ್ ಅಲೀನಾ’ ಕೃತಿಯಲ್ಲಿ ತಾಳದ ಗುರುತಿಲ್ಲ. ಕೆಳಗೆ ಒಂದು ಆಳವಾದ ಷಡ್ಜ, ಮೇಲೆ ಎರಡು ದನಿ. ನಡುವಿನ ಜಾಗ ಖಾಲಿ. ಬಾಲ್ಯದ ಆ ಪಿಯಾನೊ ನೆನಪಾಗದೆ ಇರುವುದಿಲ್ಲ. ಒಂದೇ ಒಂದು ಕಡೆ ಎರಡನೆಯ ದನಿ ತನ್ನ ಮೂರು ಸ್ವರಗಳ ಮನೆಯಿಂದ ಹೊರಬಂದು ರಿಷಭ ಮುಟ್ಟುತ್ತದೆ. ಸ್ವರಲಿಪಿಯಲ್ಲಿ ಅಲ್ಲೊಂದು ಪುಟ್ಟ ಹೂವಿನ ಚಿತ್ರವಿದೆ. ಎಷ್ಟು ಬಿಗಿಯಾಗಿ ನಿಯಮ ಪಾಲಿಸಿದ್ದರೆ ಒಂದು ಸ್ವರ ಹೀಗೆ ಹೂವಾಗಿ ಅರಳೀತು!

ಗಡಿ ದಾಟಿದ ಸಂಗೀತ

1977ರಲ್ಲಿ ‘ಫ್ರಾತ್ರೆಸ್’, ‘ತಾಬುಲಾ ರಾಸಾ’, 1978ರಲ್ಲಿ ‘ಶ್ಪೀಗೆಲ್ ಇಮ್ ಶ್ಪೀಗೆಲ್’ ಬಂದವು. 1980ರಲ್ಲಿ ಪ್ಯಾರ್ಟ್ ಸಂಸಾರ ಸಮೇತ ತಾಯ್ನಾಡು ಬಿಡಬೇಕಾಯಿತು. ಮೊದಲು ವಿಯೆನ್ನಾ, ಆಮೇಲೆ ಬರ್ಲಿನ್. 1984ರಲ್ಲಿ ಮಾನ್‌ಫ್ರೆಡ್ ಐಶರ್ ಅವರ ಇಸಿಎಂ ಸಂಸ್ಥೆ ‘ತಾಬುಲಾ ರಾಸಾ’ ಧ್ವನಿಮುದ್ರಿಕೆಯನ್ನು ತಂದಾಗ ಈ ಸಂಗೀತ ಲೋಕದ ಕಿವಿಗೆ ಬಿತ್ತು. ದಶಕಗಳ ನಂತರ ಅವರು ಎಸ್ಟೋನಿಯಾಕ್ಕೆ ಮರಳಿದರು. ಲೌಲಾಸ್ಮಾದ ಪೈನ್ ಕಾಡಿನ ನಡುವೆ 2018ರಲ್ಲಿ ಆರ್ವೊ ಪ್ಯಾರ್ಟ್ ಕೇಂದ್ರದ ಹೊಸ ಕಟ್ಟಡ ತೆರೆಯಿತು.

ಕೊನೆಯ ಗಂಟೆ

ಪ್ಯಾರ್ಟ್ ಅವರನ್ನು ಮೊದಲ ಬಾರಿ ಕೇಳುವವರು ‘ಬೆಂಜಮಿನ್ ಬ್ರಿಟನ್ ನೆನಪಿನ ಕಾಂಟಸ್’ ಕೃತಿಯಿಂದ ಶುರುಮಾಡಬಹುದು. ಇಂಗ್ಲೆಂಡಿನ ಸಂಯೋಜಕ ಬ್ರಿಟನ್ 1976ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಹುಟ್ಟಿದ ಕೃತಿಯಿದು. ತಂತಿವಾದ್ಯಗಳ ಜೊತೆ ಒಂದು ಗಂಟೆ, ಅಷ್ಟೇ. ವಾದ್ಯಗಳ ಐದು ಗುಂಪೂ ನುಡಿಸುವುದು ಒಂದೇ ಅವರೋಹಣ. ಆದರೆ ಪ್ರತಿ ಗುಂಪೂ ಹಿಂದಿನದಕ್ಕಿಂತ ಒಂದು ಸ್ಥಾಯಿ ಕೆಳಗೆ, ಅದರ ಅರ್ಧ ವೇಗದಲ್ಲಿ ಇಳಿಯುತ್ತದೆ. ಹಾಗಾಗಿ ಡಬಲ್ ಬಾಸ್ ಮೊದಲ ವಯಲಿನ್‌ಗಿಂತ 16 ಪಟ್ಟು ನಿಧಾನ. ಮೊದಲು ಮುಟ್ಟಿದವರು ಕೊನೆಯ ಸ್ವರದಲ್ಲಿ ನಿಂತು ಹಿಂದಿನವರಿಗಾಗಿ ಕಾಯುತ್ತಾರೆ.

ಎಲ್ಲರೂ ತಲುಪಿ ನಾದ ಭೋರ್ಗರೆಯುವಾಗ ಗಂಟೆ ಮೆಲ್ಲಗೆ ಒಮ್ಮೆ ಬಾರಿಸುತ್ತದೆ. ಆ ಮೊರೆತದಲ್ಲಿ ಅದು ನಮಗೆ ಕೇಳುವುದಿಲ್ಲ. ತಂತಿಗಳು ಥಟ್ಟನೆ ನಿಂತಾಗಲೇ ತಿಳಿಯುವುದು, ಅದು ಆಗಲೇ ನುಡಿಯುತ್ತಿತ್ತೆಂದು. ಅಷ್ಟು ಹೊತ್ತು ಸಾಧಾರಣ ಗಾಂಧಾರದ ದುಃಖದಲ್ಲಿ ಮುಳುಗಿದ್ದ ಕಿವಿಗೆ ಗಂಟೆಯ ಉಪನಾದಗಳಲ್ಲಿ ಅಂತರ ಗಾಂಧಾರದ ಬೆಳಕು ತೋರುತ್ತದೆ. ಎಂಟು ವರ್ಷ ಸುಮ್ಮನಿದ್ದು ಪ್ಯಾರ್ಟ್ ಕಾದದ್ದು ಇದಕ್ಕಾಗಿಯೇ ಇದ್ದೀತು. ಈ ಕೃತಿಯನ್ನು ಕೇಳುವಾಗ ಆ ಗಂಟೆಯ ಕೊನೆಯ ಎಳೆ ಆರುವ ತನಕ ದಯವಿಟ್ಟು ಏಳಬೇಡಿ.