ಜೋಡಿಯ ನಡುವೆ ಮೂರನೆಯದು

ಕಾರವಾರದ ಬಳಿಯ ಹಣಕೋಣದಲ್ಲಿ ಕಾಳಿ ನದಿಯ ನೀರು ಏರಿಳಿಯುವುದು ಚಂದ್ರನಿಂದ ಎಂದು ಎಲ್ಲರಿಗೂ ಗೊತ್ತು. ಭೂಮಿಯ ಹತ್ತಿರದ ಮಗ್ಗುಲಿಗೆ ಅದರ ಸೆಳೆತ ಹೆಚ್ಚು, ಆಚೆ ಮಗ್ಗುಲಿಗೆ ಕಡಿಮೆ. ಆ ವ್ಯತ್ಯಾಸವೇ ಉಬ್ಬರ. ಆದರೆ ಹುಣ್ಣಿಮೆ, ಅಮಾವಾಸ್ಯೆಗೆ ಉಪ್ಪುನೀರು ಇನ್ನೂ ಮೇಲೆ ನುಗ್ಗುವುದು ಸೂರ್ಯನೂ ಕೈಜೋಡಿಸುವುದರಿಂದ.

ಇದೇ ಬಲ ಸಾವಿರಾರು ಕೋಟಿ ನಕ್ಷತ್ರಗಳ ಎರಡು ಗೆಲಾಕ್ಸಿಗಳ ನಡುವೆ ಕೆಲಸ ಮಾಡಿದರೆ, ಅಂಚಿನ ನಕ್ಷತ್ರ, ಅನಿಲಗಳೆಲ್ಲ ಹಿಗ್ಗಿ ಉದ್ದನೆಯ ಬಾಲಗಳಾಗುತ್ತವೆ. ಅಂಥ ಒಂದು ಜೋಡಿ ಎನ್‌ಜಿಸಿ 7733 ಮತ್ತು 7734. ದೂರ ಸುಮಾರು 47 ಕೋಟಿ ಜ್ಯೋತಿರ್ವರ್ಷ. ನೆಲೆ ಟುಕಾನಾ ಪುಂಜ. ಪುಂಜಕ್ಕೆ ಹೆಸರು ಕೊಟ್ಟ ಟೂಕನ್ ಎಂದರೆ ನಮ್ಮ ದಾಂಡೇಲಿಯ ಮಂಗಟ್ಟೆಯ ಹಾಗೆ ಕೊಕ್ಕೇ ದೊಡ್ಡದಾಗಿರುವ ಅಮೆರಿಕದ ಹಕ್ಕಿ. ನವೆಂಬರ್ ರಾತ್ರಿ ಈ ಜೋಡಿ ಕಾರವಾರದ ದಕ್ಷಿಣ ದಿಗಂತದಿಂದ ಒಂಬತ್ತು ಡಿಗ್ರಿ ಮಾತ್ರ ಏರುತ್ತದೆ. ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ಬರಿಗಣ್ಣಿಗಂತೂ ಕಾಣದು.

7733ರ ಸುರುಳಿ ತೋಳಿನಲ್ಲಿ ಹೊಳೆಯುವ ಗಂಟೊಂದಿದೆ. ಚಿತ್ರವನ್ನಷ್ಟೇ ನೋಡಿದವರು ಹೊಸ ನಕ್ಷತ್ರಗಳು ಹುಟ್ಟುವ ತಾಣ ಎಂದುಕೊಂಡಾರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ (ಐಐಎ) ಜ್ಯೋತಿ ಯಾದವ್, ಮೌಸುಮಿ ದಾಸ್, ಸುಧಾಂಶು ಬರ್ವೆ ಅವರು ಪ್ಯಾರಿಸ್‌ನ ಫ್ರಾನ್ಸ್ವಾಸ್ ಕೊಂಬ್ ಜೊತೆ ಸೇರಿ ಅದರ ವೇಗ ಅಳೆದರು. ಚಿಲಿಯ ವಿಎಲ್‌ಟಿ ದೂರದರ್ಶಕದಲ್ಲಿರುವ ಮ್ಯೂಸ್ ಉಪಕರಣ ಚಿತ್ರದ ಒಂದೊಂದು ಚುಕ್ಕಿಗೂ ರೋಹಿತ ಕೊಡುತ್ತದೆ. ರೋಹಿತದ ಗೆರೆ ಎಷ್ಟು ಸರಿದಿದೆ ಎಂಬುದರಿಂದ ವೇಗ ಸಿಗುತ್ತದೆ. ಗಂಟಿನ ವೇಗಕ್ಕೂ ತೋಳಿನ ವೇಗಕ್ಕೂ ಸೆಕೆಂಡಿಗೆ ನೂರಾರು ಕಿಲೊಮೀಟರ್ ಅಂತರ! ಅಂದಮೇಲೆ ಅದು ಈ ಮನೆಯದಲ್ಲ. ಒಳಗೆ ಬೀಳುತ್ತಿರುವ ಮೂರನೆಯ ಗೆಲಾಕ್ಸಿ. ಎನ್‌ಜಿಸಿ 7733ಎನ್ ಎಂದು ಹೆಸರಿಟ್ಟು 2021ರಲ್ಲಿ ಪ್ರಕಟಿಸಿದರು. ಮೂರರ ಒಡಲಲ್ಲೂ ಒಂದೊಂದು ದೈತ್ಯ ಕಪ್ಪುಕುಳಿ, ಮೂರೂ ಅನಿಲ ನುಂಗುತ್ತಿವೆ.

ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವೂ ಸಾಕ್ಷಿ ಹೇಳಿತು: ಬಾಲಗಳುದ್ದಕ್ಕೂ ಎಳೆಯ ನಕ್ಷತ್ರಗಳು. ಅತಿನೇರಳೆ ಬೆಳಕಿನ ಬಹುಪಾಲನ್ನು ನಮ್ಮ ವಾತಾವರಣ ತಡೆಯುವುದರಿಂದ ಆಕಾಶಕ್ಕೇ ಹೋಗಿ ನೋಡಬೇಕು. ಆ ಉಪಕರಣ ಸಜ್ಜಾದದ್ದು ಹೊಸಕೋಟೆಯಲ್ಲಿ, ಹಾರಿದ್ದು 2015ರ ಸೆಪ್ಟೆಂಬರ್ 28ರಂದು.

ಗೆಲಾಕ್ಸಿಗಳು ಡಿಕ್ಕಿ ಹೊಡೆದರೂ ನಕ್ಷತ್ರಗಳು ಒಂದಕ್ಕೊಂದು ಬಡಿಯುವುದು ಇಲ್ಲವೆನ್ನುವಷ್ಟು ಅಪರೂಪ. ನಡುವೆ ಅಷ್ಟು ಖಾಲಿ ಜಾಗ. ತೊಡಕಿರುವುದು ಕಪ್ಪುಕುಳಿಗಳಲ್ಲಿ. ಎರಡು ಕುಳಿಗಳು ಸುತ್ತುತ್ತ ಹತ್ತಿರವಾಗಿ, ಮೂರು ಜ್ಯೋತಿರ್ವರ್ಷದ ಆಸುಪಾಸಿನಲ್ಲಿ ನಿಂತುಬಿಡಬಹುದು ಎನ್ನುತ್ತದೆ ಲೆಕ್ಕಾಚಾರ. ಮೂರನೆಯದೊಂದು ಬಂದು ಅವುಗಳ ಶಕ್ತಿ ಕಸಿದುಕೊಂಡರೆ ಬೆಸುಗೆ ಸಾಧ್ಯ. ಐಐಎ ತಂಡದ ಶೋಧಕ್ಕೆ ತೂಕ ಬಂದದ್ದು ಇಲ್ಲಿ.

ಅದೇ ನವೆಂಬರ್ ರಾತ್ರಿ ಹಣಕೋಣದಲ್ಲಿ ಉತ್ತರಕ್ಕೆ ತಿರುಗಿದರೆ, ನೆತ್ತಿಗಿಂತ ತುಸು ಕೆಳಗೆ ಆಂಡ್ರೊಮಿಡಾ ಮಸುಕಾಗಿ ಬರಿಗಣ್ಣಿಗೇ ಸಿಗುತ್ತದೆ, 25 ಲಕ್ಷ ಜ್ಯೋತಿರ್ವರ್ಷ ಆಚೆ. ಇನ್ನು 400 ಕೋಟಿ ವರ್ಷಕ್ಕೆ ಅದು ಕ್ಷೀರಪಥಕ್ಕೆ ಡಿಕ್ಕಿ ಹೊಡೆಯುವುದು ಖಚಿತವೆಂದು 2012ರಲ್ಲಿ ನಾಸಾ ಹೇಳಿತ್ತು. 2025ರಲ್ಲಿ ಹೆಲ್ಸಿಂಕಿಯ ಟಿಲ್ ಸಾವಾಲಾ ತಂಡ ಮತ್ತೆ ಲೆಕ್ಕ ಹಾಕಿತು: ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಆಗುವ ಸಾಧ್ಯತೆ ಅರ್ಧಕ್ಕರ್ಧ. ಸಾಧ್ಯತೆಯನ್ನು ತಗ್ಗಿಸಿದವುಗಳಲ್ಲಿ ಮುಖ್ಯವಾದದ್ದು ಕ್ಷೀರಪಥದ ಪುಟ್ಟ ಒಡನಾಡಿ, ದೊಡ್ಡ ಮೆಗಲಾನಿಕ್ ಮೋಡ.