ಸೊಂಟನೋವಿಗೆ ಸ್ಕ್ಯಾನಿಂಗ್ ಚೀಟಿ

ಸೊಂಟ ಹಿಡಿದುಕೊಂಡು ವೈದ್ಯರೆದುರು ಕೂತವರಿಗೆ ಎರಡು ವಿಷಯ ತಿಳಿಯಬೇಕಿರುತ್ತದೆ: ಒಳಗೆ ಏನಾಗಿದೆ, ಯಾವಾಗ ವಾಸಿಯಾಗುತ್ತದೆ. ಎರಡನೆಯದಕ್ಕೆ ವೈದ್ಯಶಾಸ್ತ್ರದ ಬಳಿ ತಕ್ಕಮಟ್ಟಿಗೆ ಗಟ್ಟಿ ಉತ್ತರವಿದೆ. ಮೊದಲನೆಯದಕ್ಕೆ, ಹತ್ತರಲ್ಲಿ ಒಂಬತ್ತು ಜನರ ಮಟ್ಟಿಗೆ, ಇಲ್ಲ. ಸ್ನಾಯುವೋ ಕೀಲೋ ಡಿಸ್ಕೋ, ನೋವು ಇಂಥದ್ದೇ ಜಾಗದಿಂದ ಹೊರಟಿದೆ ಎಂದು ಅವರ ವಿಷಯದಲ್ಲಿ ಬೆರಳಿಟ್ಟು ತೋರಿಸುವ ಪರೀಕ್ಷೆ ಇನ್ನೂ ಬಂದಿಲ್ಲ. 2020ರ ಲೆಕ್ಕದಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರನ್ನು ಕಾಡುತ್ತಿದ್ದ ಕಾಯಿಲೆಯ ಸ್ಥಿತಿ ಇದು. ‘ನಿಖರ ಕಾರಣ ಗೊತ್ತಿಲ್ಲ’ ಎನ್ನುವ ಮಾತು ಕೇಳುವವರಿಗೂ ಹಿಡಿಸುವುದಿಲ್ಲ, ಹೇಳುವವರಿಗೂ ಹಿಡಿಸುವುದಿಲ್ಲ. ಆ ಇರುಸುಮುರುಸನ್ನು ತಪ್ಪಿಸಲು ಸುಲಭದ ದಾರಿ ಸ್ಕ್ಯಾನಿಂಗ್ ಸೆಂಟರಿಗೆ ಬರೆದುಕೊಡುವ ಚೀಟಿ. ಹೊಸದಾಗಿ ಶುರುವಾದ ಮಾಮೂಲಿ ಸೊಂಟನೋವಿಗೆ ಮೊದಲ ಭೇಟಿಯಲ್ಲೇ ತೆಗೆಸುವ ಎಕ್ಸ್‌ರೇ ಅಥವಾ ಎಂಆರ್‌ಐ ಬಹಳಷ್ಟು ಸಲ ದಂಡ, ಕೆಲವು ಸಲ ಹಾನಿ ಎಂಬುದು ನನ್ನ ವಾದ. ಅದಕ್ಕೆ ಸುರಿಯುವ ದುಡ್ಡು ಮತ್ತು ಗಮನ ಸಲ್ಲಬೇಕಾದ್ದು ವೈದ್ಯರು ರೋಗಿಯನ್ನು ಕೂರಿಸಿ ಮಾತಾಡಿಸಿ, ಮುಟ್ಟಿ ನೋಡುವ ಸಮಯಕ್ಕೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸೊಂಟನೋವೆಂದು ಕುಟುಂಬ ವೈದ್ಯರ, ಫಿಸಿಯೋಥೆರಪಿಸ್ಟರ, ಕೈರೋಪ್ರಾಕ್ಟರರ ಬಳಿ ಬಂದ 1,172 ಜನರನ್ನು ಸಂಶೋಧಕರು ಒಂದು ವರ್ಷ ಗಮನಿಸುತ್ತ ಹೋದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇಡೀ ಗುಂಪಿನಲ್ಲಿ ಗಂಭೀರ ಕಾಯಿಲೆ ಸಿಕ್ಕಿದ್ದು 11 ಮಂದಿಗೆ, ಅಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅವರಲ್ಲಿ ಎಂಟು ಜನರದ್ದು ಬೆನ್ನುಮೂಳೆಯ ಮುರಿತ. ಇದಕ್ಕಿಂತ ಕುತೂಹಲದ ಸಂಗತಿ ಬೇರೆ ಇದೆ. ವೈದ್ಯಪಠ್ಯಗಳು ಪಟ್ಟಿ ಮಾಡುವ ಅಪಾಯದ ಸೂಚನೆಗಳಲ್ಲಿ ಒಂದಾದರೂ ಇದ್ದವರು ಆ ಗುಂಪಿನಲ್ಲಿ ಶೇ. 80ರಷ್ಟಿದ್ದರು! ಒಂದು ಸೂಚನೆ ಕಂಡ ಕೂಡಲೇ ಸ್ಕ್ಯಾನ್ ಎಂದು ಹೊರಟರೆ ಹನ್ನೊಂದು ಜನರಿಗಾಗಿ ಒಂಬೈನೂರಕ್ಕೂ ಹೆಚ್ಚು ಜನರನ್ನು ಯಂತ್ರದೊಳಗೆ ಮಲಗಿಸಬೇಕಾಗುತ್ತಿತ್ತು. ಎಪ್ಪತ್ತು ದಾಟಿದ ವಯಸ್ಸು, ಹೆಣ್ಣಾಗಿರುವುದು, ಜೋರಾದ ಪೆಟ್ಟು, ಬಹುಕಾಲದ ಸ್ಟೀರಾಯ್ಡ್ ಸೇವನೆ, ಈ ನಾಲ್ಕರಲ್ಲಿ ಎರಡು ಮೂರು ಕೂಡಿಕೊಂಡಾಗ ಮೂಳೆ ಮುರಿದಿರುವ ಶಂಕೆ ಬಲಗೊಳ್ಳುತ್ತದೆ ಎಂದು ಅದೇ ಅಧ್ಯಯನ ತೋರಿಸಿತು. ಕೇಳಿ ತಿಳಿಯಬಹುದಾದ ಸಂಗತಿಗಳೇ ಎಲ್ಲ. ಸೋಸಿ ನೋಡುವ ವೈದ್ಯರೊಬ್ಬರು ಬೇಕು, ಅಷ್ಟೆ.

‘ಆದರೂ ಒಂದು ಸಲ ನೋಡಿಬಿಟ್ಟರೆ ನಷ್ಟವೇನು?’ ಎಂದು ಕೇಳುವವರಿದ್ದಾರೆ. ನೋಡಿದರೆ ಏನಾದರೂ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. 1994ರಲ್ಲಿ ಅಮೆರಿಕದ ವೈದ್ಯರು ಸೊಂಟನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಎಲ್ಲ ಡಿಸ್ಕುಗಳೂ ಸರಿಯಾಗಿ ಕಂಡದ್ದು ಶೇ. 36 ಜನರಲ್ಲಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು. ನೋವಿಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಪರಾಮರ್ಶೆಯಲ್ಲಿ, ಡಿಸ್ಕು ಸವೆದಿರುವ ಲಕ್ಷಣ ಇಪ್ಪತ್ತರ ಹರೆಯದವರಲ್ಲೇ ಶೇ. 37ರಷ್ಟು ಕಂಡಿತು; ಎಂಬತ್ತು ತಲುಪಿದವರಲ್ಲಿ ಶೇ. 96. ವಯಸ್ಸಾದಂತೆ ತಲೆ ನೆರೆಯುವ ಹಾಗೆ ಡಿಸ್ಕೂ ಒಣಗುತ್ತದೆ, ಉಬ್ಬುತ್ತದೆ. ಆದರೆ ವರದಿ ಅದನ್ನು ಆ ಧಾಟಿಯಲ್ಲಿ ಹೇಳುವುದಿಲ್ಲ. ‘ಎಲ್4-ಎಲ್5ರಲ್ಲಿ ಡಿಸ್ಕು ಉಬ್ಬಿದೆ’ ಎಂದು ಅಚ್ಚಾದ ಸಾಲು ಮನೆಗೆ ಬರುವಷ್ಟರಲ್ಲಿ ‘ಡಿಸ್ಕ್ ಜಾರಿದೆ’ ಎಂದಾಗಿರುತ್ತದೆ, ವಾರ ಕಳೆಯುವುದರೊಳಗೆ ‘ನರ ಒತ್ತಿದೆಯಂತೆ, ಇನ್ನು ಬಗ್ಗಲೇಬಾರದಂತೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬಗ್ಗಲು ಹೆದರಿದವರು ನಡೆಯಲೂ ಹೆದರುತ್ತಾರೆ, ಬೆಲ್ಟು ಬಿಗಿದು ಮಲಗುತ್ತಾರೆ. ಬಳಕೆ ತಪ್ಪಿದ ಸ್ನಾಯು ಸೊರಗಿ ನೋವಿಗೆ ಇನ್ನಷ್ಟು ಕಾಲ ಉಳಿಯಲು ಅನುಕೂಲ ಮಾಡಿಕೊಡುತ್ತದೆ.

ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಕನಿಷ್ಠ ಆರು ವಾರದಿಂದ ನರಳುತ್ತಿದ್ದ 421 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮಾತ್ರ ಎಕ್ಸ್‌ರೇ ತೆಗೆಸಿದರು. 2001ರಲ್ಲಿ ಹೊರಬಂದ ವರದಿಯಂತೆ ಮೂರು ತಿಂಗಳ ಬಳಿಕ ಹೆಚ್ಚು ಮಂದಿ ನೋವು ಹೇಳಿಕೊಂಡದ್ದು ಎಕ್ಸ್‌ರೇ ಆದವರಲ್ಲಿ. ವೈದ್ಯರ ಬಳಿಗೆ ಹೆಚ್ಚು ಅಲೆದವರೂ ಅವರೇ. ಹೀಗಿದ್ದೂ ಒಂಬತ್ತು ತಿಂಗಳ ನಂತರ ಚಿಕಿತ್ಸೆಯ ಬಗ್ಗೆ ಹೆಚ್ಚು ಸಮಾಧಾನ ಪಟ್ಟವರೂ ಅವರೇ! ರೋಗಿಗೆ ತೃಪ್ತಿ ಸಿಕ್ಕಿತು, ಗುಣ ಸಿಗಲಿಲ್ಲ. ಆ ತೃಪ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೋವಿಗೆ ಯಾರೋ ಬೆಲೆ ಕೊಟ್ಟರು ಎಂಬ ಸಮಾಧಾನ ಅದು. ಎರಡು ನಿಮಿಷದಲ್ಲಿ ಗುಳಿಗೆ ಬರೆದು ಕಳಿಸುವ ಕಡೆ ಫಿಲ್ಮಿನಿಂದಲಾದರೂ ಅದು ದೊರೆಯಲಿ ಎಂದು ರೋಗಿ ಬಯಸಿದರೆ ತಪ್ಪು ಅವನದಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಸಿಡ್ನಿಯ ಲೆಕ್ಕ ನಮಗೆ ಹೊಂದುತ್ತದೆಯೇ? ಪೂರ್ತಿಯಾಗಿ ಹೊಂದುವುದಿಲ್ಲ. ಬೆನ್ನುಮೂಳೆಯ ಕ್ಷಯ ಅಲ್ಲಿ ಅಪರೂಪ; ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯರೋಗಿಗಳಿರುವ ಭಾರತದಲ್ಲಿ ವೈದ್ಯರು ಅದನ್ನು ಮರೆಯುವಂತಿಲ್ಲ. ಆದರೆ ಇದರಿಂದ ಕೇಳಿ ನೋಡುವ ಕೆಲಸದ ಬೆಲೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಸಂಜೆ ಜ್ವರ, ಇಳಿಯುತ್ತಿರುವ ತೂಕ, ಮಲಗಿದರೂ ಬಿಡದ ನೋವು, ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತೇ ಎಂಬ ವಿಚಾರಣೆ ಇವು ದಾರಿ ತೋರಿಸುತ್ತವೆ. ಆರಂಭದ ಕ್ಷಯ ಸಾದಾ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ‘ಎಕ್ಸ್‌ರೇ ನಾರ್ಮಲ್’ ಎಂಬ ಮಾತು ಇಲ್ಲಿ ಸುಳ್ಳು ಧೈರ್ಯ ಕೊಟ್ಟು ತಿಂಗಳುಗಳನ್ನು ತಿಂದುಹಾಕೀತು. ಶಂಕೆ ಇದ್ದರೆ ಎಂಆರ್‌ಐಯೇ ಆಗಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೂ ಕಾಲಿನ ಶಕ್ತಿ ದಿನೇದಿನೇ ಕುಂದುತ್ತಿರುವವರಿಗೂ ಇದು ಸಲ್ಲುತ್ತದೆ. ಮೂತ್ರ ಕಟ್ಟಿದರೆ, ಅಥವಾ ತಡೆಯಲಾಗದೆ ಹೋದರೆ, ಕೂರುವ ಜಾಗ ಜೋಮು ಹಿಡಿದರೆ ಅಂದೇ ದೊಡ್ಡ ಆಸ್ಪತ್ರೆ ಸೇರಬೇಕು. ನರಗಳ ಕಂತೆ ಅದುಮಿಹೋಗಿದ್ದರೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಕಾಲಿಗೆ ಇಳಿಯುವ ನೋವು ಮಾತ್ರ ಇದ್ದರೆ ಅಷ್ಟು ಗಾಬರಿ ಬೇಡ. ಹೊರಚಾಚಿದ ಡಿಸ್ಕು ಕೆಲವು ತಿಂಗಳಲ್ಲಿ ತಾನಾಗಿ ಕುಗ್ಗುವುದು ಸಾಮಾನ್ಯ.

ಉಳಿದ ಬಹುಸಂಖ್ಯಾತರಿಗೆ ಏನು ಹೇಳಬೇಕು? ‘ಎಲ್ಲ ಸರಿಹೋಗುತ್ತದೆ’ ಎಂದರೆ ಅದೂ ಪೂರ್ತಿ ಪ್ರಾಮಾಣಿಕವಲ್ಲ. ಸಿಡ್ನಿಯ 973 ಜನರನ್ನು ಗಮನಿಸಿದ ಇನ್ನೊಂದು ವರದಿಯಲ್ಲಿ ವರ್ಷದೊಳಗೆ ಪೂರ್ಣ ಗುಣವಾದವರು ಶೇ. 72. ಬೇಗ ಗುಣಪಡಿಸುವ ಮಾತ್ರೆಯೂ ಇಲ್ಲ: 2014ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಪ್ಯಾರಾಸಿಟಮಾಲ್ ನುಂಗಿದವರೂ ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ಎರಡೂವರೆ ವಾರದ ಆಸುಪಾಸಿನಲ್ಲಿ, ಚೇತರಿಸಿಕೊಂಡರು. ಕೆಲಸ ಮಾಡುವುದು ಓಡಾಟ. ನೋವಿನಿಂದ ಚೇತರಿಸಿಕೊಂಡಿದ್ದ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಿಸಿಯೋಥೆರಪಿಸ್ಟರ ಸಲಹೆಯಂತೆ ನಿಯಮಿತ ನಡಿಗೆ ರೂಢಿಸಿಕೊಂಡವರಿಗೆ ನೋವು ಮರುಕಳಿಸಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112. ಚಪ್ಪಲಿ ಸವೆಯುವುದು ಬಿಟ್ಟರೆ ಇದಕ್ಕೆ ಖರ್ಚೂ ಇಲ್ಲ.

ಈ ಉಪದೇಶ ಎಲ್ಲರಿಗೂ ಒಂದೇ ಹದದಲ್ಲಿ ಹೊಂದುತ್ತದೆ ಎಂದು ಮಾತ್ರ ಹೇಳಲಾರೆ. ಹಾಸಿಗೆ ಹಿಡಿಯುವುದಕ್ಕಿಂತ ಮಾಮೂಲಿ ಚಟುವಟಿಕೆಯೇ ಮೇಲು ಎಂದು 1995ರಲ್ಲಿ ತೋರಿಸಿಕೊಟ್ಟ ಹೆಸರಾಂತ ಅಧ್ಯಯನ ನಡೆದದ್ದು ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ; ಕೆಲಸವೂ ಸಂಬಳವೂ ಭದ್ರವಾಗಿದ್ದವರು ಅವರು. ಎಪಿಎಂಸಿ ಯಾರ್ಡಿನಲ್ಲಿ ಐವತ್ತು ಕಿಲೋ ಮೂಟೆ ಹೊರುವ ಹಮಾಲಿಗೆ ‘ಮಾಮೂಲಿ ಚಟುವಟಿಕೆ’ ಎಂದರೆ ಮತ್ತೆ ಮೂಟೆಯೇ. ಅವನಿಗೆ ಬೇಕಾದ್ದು ಓಡಾಡಿಕೊಂಡಿರುತ್ತ ಭಾರವನ್ನು ಕೆಲವು ವಾರ ತಪ್ಪಿಸುವ ಅವಕಾಶ. ಇಎಸ್‌ಐ ಚೀಟಿ ಇರುವ ಕಾರ್ಮಿಕರಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ಶೇ. 70ರಷ್ಟು ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಮೂಟೆಗಿಷ್ಟು ಎಂದು ದುಡಿಯುವ ಹಮಾಲಿಗಳಲ್ಲಿ ಆ ಚೀಟಿ ಇರುವವರು ವಿರಳ.